ಭಾವನ ತಟ್ಟೆ

ನಮ್ಮ ಅತ್ತೆಗೆ ಬೀದಿಯವರು ಇಟ್ಟ ಹೆಸರು ಸೈರನ್. ಇಟ್ಟವಳು ನಾನಲ್ಲ, ಆದರೆ ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಅವರು ಅಡುಗೆಮನೆಯಲ್ಲಿ ನಿಂತು ನನ್ನನ್ನು ಬೈದರೆ ಬೀದಿಯ ತುದಿಯ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತದೆ. ಅಂಥ ಗಂಟಲನ್ನು ಕೈಹಿಡಿದು ವೇದಿಕೆ ಹತ್ತಿಸಿದ್ದು, ಮೂಗಿನ ತುದಿಯ ಕನ್ನಡಕದಿಂದ ಹೆಸರು ಪಡೆದ ಚಾಳೀಸು ಮೇಷ್ಟ್ರು.

ಯುದ್ಧದಲ್ಲಿ ಸತ್ತವರನ್ನು ದೇಶವೆಲ್ಲ ನೆನೆಯುವ ದಿನ ಒಂದಿದೆಯಲ್ಲ, ಆ ನೆನಪಿನ ದಿನ ಮುಗಿದ ಮೇಲೆ ನಮ್ಮ ಬೀದಿಯನ್ನು ಕಣ್ಣಲ್ಲಿ ನೋಡುವ ಹಾಗಿರುವುದಿಲ್ಲ. ಕಾಗದದ ಬಾವುಟ, ಪ್ಲಾಸ್ಟಿಕ್ ಹೂವಿನ ಹಾರ, ಕುಡಿದೆಸೆದ ಲೋಟ, ಉಂಡು ಬಿಟ್ಟ ಅನ್ನ. ಹೋದ ವರ್ಷ ಇದೆಲ್ಲ ಚರಂಡಿಗೆ ಸೇರಿ, ಕೊಳಚೆ ನೀರು ಹೊಸ್ತಿಲು ದಾಟಿ ನಮ್ಮ ಚಾಪೆಯವರೆಗೂ ಬಂದಿತ್ತು. ಹಾಗಾಗಿ ಈ ಸಲ ಬೀದಿಯ ಸಮಿತಿ ಸಭೆ ಕರೆಯಿತು. ಸಮಿತಿ ಎಂದರೆ ಮೇಷ್ಟ್ರೇ. ನಿವೃತ್ತಿಯಾದ ಮೇಲೆ ಪಾಠ ಕೇಳುವವರು ಸಿಗದೆ ಬೀದಿಯನ್ನೇ ತರಗತಿ ಮಾಡಿಕೊಂಡಿದ್ದಾರೆ. ಆ ದಿನ ಯಾವ ಮನೆಯಿಂದಲೂ ಕಸ ಹೊರಗೆ ಬರಬಾರದು, ಸಂಜೆ ನಾನೇ ಬಂದು ಮನೆಮನೆಯ ಕಸದ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತೇನೆ, ಖಾಲಿ ಇದ್ದ ಮನೆಯ ಬಾಗಿಲಿಗೆ ಹಸಿರು ಸ್ಟಿಕ್ಕರ್ ಅಂಟಿಸುತ್ತೇನೆ ಎಂದರು. ಮೊದಲ ಪ್ರತಿಜ್ಞೆಯನ್ನು ಮಗನನ್ನು ಕಳೆದುಕೊಂಡ ತಾಯಿಯೇ ಮಾಡಬೇಕು ಎಂದು ಅತ್ತೆಯನ್ನು ಕರೆದರು.

ಅತ್ತೆಗೆ ಮೈಕು ಬೇಕಾಗಲಿಲ್ಲ. "ನನ್ನ ಮಗ ದೇಶಕ್ಕೆ ಜೀವ ಕೊಟ್ಟ. ನಾನು ಒಂದು ದಿನ ಕಸ ಹಾಕದೇ ಇರಕ್ಕಾಗಲ್ವಾ? ಈ ಸಲ ನಮ್ಮನೆ ಡಬ್ಬಿಗೆ ಒಂದು ಅಗುಳು ಬಿದ್ರೆ ನನ್ನನ್ನ ಕೇಳಿ!"

ಜನ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ಹೊಡೆದೆ, ಎಲ್ಲರಿಗಿಂತ ಜೋರಾಗಿ. ಯಾಕೆಂದರೆ ಅವರು ತಟ್ಟೆಯನ್ನು ಮರೆತಿದ್ದರು.

ಆ ತಟ್ಟೆಯ ಕತೆ ಇದು. ನನ್ನ ಗಂಡನ ಅಣ್ಣ, ಎಂದರೆ ನನ್ನ ಭಾವ, ಯುದ್ಧದಲ್ಲಿ ಸತ್ತು ಬಹಳ ವರ್ಷವಾಯಿತು. ನಾನು ಅವರನ್ನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ನೆನಪಿನ ದಿನ ಮಧ್ಯಾಹ್ನ ಅತ್ತೆ ಅವರ ಹೆಸರಲ್ಲಿ ಒಂದು ತಟ್ಟೆ ಬಡಿಸುತ್ತಾರೆ. ಬಿಸಿ ಅನ್ನ, ಹುರಿದ ಮೀನಿನ ನಡುವಿನ ದಪ್ಪ ತುಂಡುಗಳು, ಬೆಣ್ಣೆಯಲ್ಲಿ ಬೇಯಿಸಿದ ಆಲೂಗಡ್ಡೆ. ತಟ್ಟೆ ಫೋಟೋದ ಕೆಳಗೆ ಸಂಜೆಯವರೆಗೆ ಇರುತ್ತದೆ. ಆಮೇಲೆ ಅತ್ತೆ ಅದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಡಬ್ಬಿಗೆ ಸುರಿಯುತ್ತಾರೆ. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅದು ಕಸ ಎಂದು ಅವರಿಗೆ ಒಂದು ದಿನವೂ ಅನಿಸಿರಲಿಕ್ಕಿಲ್ಲ, ಇಲ್ಲದಿದ್ದರೆ ಹಾಗೆ ಊರ ಮುಂದೆ ಕೈಯೆತ್ತುತ್ತಿರಲಿಲ್ಲ.

ಉಳಿದವರಿಗೆ ಮೀನಿನ ಬಾಲ. ನಾನು ಹೊರಗಿನಿಂದ ಬಂದವಳು, ನನಗೆ ಬಾಲ ಸಿಕ್ಕರೂ ಒಂದೇ, ಮುಳ್ಳು ಸಿಕ್ಕರೂ ಒಂದೇ. ಆದರೆ ನನ್ನ ಗಂಡ ಅದೇ ಹೊಟ್ಟೆಯಲ್ಲಿ ಹುಟ್ಟಿದವರು. ಮೂಲೆಯಲ್ಲಿ ಗೂಡಂಗಡಿ ಇಟ್ಟುಕೊಂಡು ಬೀಗ ರಿಪೇರಿ ಮಾಡುತ್ತಾರೆ. ಊರವರ ಬೀಗವೆಲ್ಲ ತೆಗೆಯುತ್ತಾರೆ, ಅಮ್ಮನ ಎದುರು ಬಾಯಿ ಮಾತ್ರ ತೆಗೆಯುವುದಿಲ್ಲ. ಪ್ರತಿ ವರ್ಷ ಆ ತಟ್ಟೆಯ ಎದುರೇ ಕೂತು, ತಲೆ ತಗ್ಗಿಸಿ ಬಾಲ ಉಂಡು, ಎದ್ದು ಕೈ ತೊಳೆಯುತ್ತಾರೆ. ಅದನ್ನು ನೋಡಿದಾಗಲೆಲ್ಲ ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದೆ. ಸತ್ತವರ ಮೇಲೆ ನನಗೆ ಸಿಟ್ಟಿರಲಿಲ್ಲ. ಬದುಕಿರುವವನಿಗೆ ಒಂದು ದಿನವಾದರೂ ಆ ತಾಯಿ ನಡುವಿನ ತುಂಡು ಬಡಿಸಲಿ ಎಂಬುದಷ್ಟೇ ನನ್ನ ಹಟ. ಈ ಸಲ ಆ ತಟ್ಟೆಯ ಊಟ ನನ್ನ ಗಂಡನ ಹೊಟ್ಟೆಗೇ ಹೋಗಬೇಕು ಎಂದು ಸಭೆಯಿಂದ ಎದ್ದು ಬರುವಾಗಲೇ ನಿಶ್ಚಯಿಸಿದೆ.

ಮುಂದಿನ ದಿನಗಳಲ್ಲಿ ಮನೆ ರಣರಂಗವಾಯಿತು. ಅತ್ತೆ ಎರಡು ಹೊತ್ತೂ ಡಬ್ಬಿಯೊಳಗೆ ತಲೆ ಹಾಕುತ್ತಿದ್ದರು.

"ಏನೇ ಇದು? ಆಲೂಗಡ್ಡೆ ಸಿಪ್ಪೆ ಯಾಕೆ ತೆಗೆದೆ?"

"ಸಿಪ್ಪೆ ಇದ್ರೆ ನಿಮಗೆ ಸೇರಲ್ಲ ಅಂತ ನೀವೇ ತಾನೆ ಹೇಳಿದ್ದು, ಅತ್ತೆ?"

"ಈಗ ಸೇರತ್ತೆ. ಸಿಪ್ಪೆ ಸಮೇತ ಬೇಯಿಸು. ನಿಮ್ಮ ಅಪ್ಪನ ಮನೇಲಿ ಅರಮನೆ ಅಡುಗೆ ಮಾಡ್ತಿದ್ರೇನೋ!"

ಹೋದ ವರ್ಷದ ಪ್ಲಾಸ್ಟಿಕ್ ಹಾರವನ್ನು ಅಟ್ಟದಿಂದ ಇಳಿಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಒಂದೊಂದೇ ದಳ ತಿಕ್ಕಿದರು. ಬ್ರಷ್ಷು ನನ್ನದು, ಹಳೆಯದೂ ಆಗಿರಲಿಲ್ಲ. ನಾನು ಕೆಲಸ ಮಾಡುವುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿ ಹರಿದು ಬಿಸಾಕಲು ಇಟ್ಟಿದ್ದ ಹಾಸುಬಟ್ಟೆಗಳನ್ನು ಕೇಳಿ ತಂದು ಬಾವುಟ ಹೊಲಿದೆ. ಅತ್ತೆ ಅದನ್ನು ಹಿಡಿದೆಳೆದು, ಹೊಲಿಗೆ ಬಿಚ್ಚಿಕೊಳ್ಳುವವರೆಗೂ ಎಳೆದು, "ಹೊಲಿಗೆ ಬಿಗಿಯಿಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕುಣಿಯಲೂ ಇಲ್ಲ, ನೆಲಕ್ಕೆ ಮಾತ್ರ ಹೆಸರಿಟ್ಟರು. ಮೀನಿನ ಮುಳ್ಳು, ತರಕಾರಿ ಚೂರು ಹಾಕಲು ಹಿತ್ತಲಲ್ಲಿ ನನ್ನ ಕೈಯಲ್ಲೇ ಗುಂಡಿ ತೋಡಿಸಿದರು. ಬೇಯಿಸಿದ ಅನ್ನ ಅದಕ್ಕೆ ಹಾಕಿದರೆ ಇಲಿ ಬರುತ್ತದೆ ಎಂದು ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಭಾಷಣ ಮಾಡಿದರು. ತಟ್ಟೆಯ ಸುದ್ದಿಯನ್ನು ನಾನು ಎತ್ತಲಿಲ್ಲ. ಗಾಳ ಹಾಕಿ ಕೂತವಳು ನೀರು ಕಲಕಬಾರದು.

ನೆನಪಿನ ದಿನ ಬೆಳಿಗ್ಗೆ ಸೈರನ್ ಆಯಿತು, ಅತ್ತೆಯದಲ್ಲ, ಸರ್ಕಾರದ್ದು. ಅದು ನಿಲ್ಲುವವರೆಗೂ ಸತ್ತವರ ಗೌರವಕ್ಕೆ ಎಲ್ಲರೂ ಬಾಗಿಲಲ್ಲಿ ಬಂದು ನಿಂತೆವು. ಅಷ್ಟು ಹೊತ್ತು ಬೀದಿಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಅತ್ತೆಯ ಗಲ್ಲ ನಡುಗುತ್ತಿತ್ತು. ಅದನ್ನು ನೋಡಿ ನನ್ನ ಮನಸ್ಸು ಕರಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಎಂದಿನ ಹಾಗೆಯೇ ತಟ್ಟೆ ಬಡಿಸಿ ಫೋಟೋದ ಕೆಳಗಿಟ್ಟರು. ಎಂದಿನ ಹಾಗೆಯೇ ನನ್ನ ಗಂಡನಿಗೆ ಬಾಲ. ಬಿಸಿಲು ಇಳಿಯುವ ಹೊತ್ತಿಗೆ ಮೇಷ್ಟ್ರ ದನಿ ಬೀದಿಯ ಆಚೆ ತುದಿಯಲ್ಲಿ ಕೇಳಿಸತೊಡಗಿತು. ಅತ್ತೆ ಎದ್ದು ತಟ್ಟೆ ತೆಗೆದುಕೊಂಡು, ರೂಢಿಯ ಪ್ರಕಾರ ಬಾಗಿಲ ಬಳಿ ಹೋಗಿ, ಉಜ್ಜಿ ಹೊಳಪು ಬರಿಸಿದ್ದ ಡಬ್ಬಿಯ ಎದುರು ಹಾಗೇ ನಿಂತುಬಿಟ್ಟರು. ಆಗ ಹೊಳೆದಿರಬೇಕು.

"ಅತ್ತೆ," ಎಂದೆ, ಬೆಣ್ಣೆಯಲ್ಲಿ ಅದ್ದಿ ತೆಗೆದ ದನಿಯಲ್ಲಿ, "ಅದು ಎಲ್ಲಿಗೆ?"

"ಹಿತ್ತಲ ಗುಂಡಿಗೆ."

"ಬೇಯಿಸಿದ ಅನ್ನ ಅಲ್ವಾ? ಇಲಿ ಬರಲ್ವಾ?"

ಅವರು ನನ್ನತ್ತ ನೋಡಿದ ನೋಟಕ್ಕೆ ಹಸಿ ಗಿಡವೂ ಬಾಡಬೇಕು. "ಬೀದಿ ನಾಯಿಗೆ ಹಾಕ್ಲಾ ಹಾಗಾದ್ರೆ? ನನ್ನ ಮಗನ ಊಟಾನ ನಾಯಿಗೆ ಹಾಕು ಅಂತೀಯಾ?"

"ಕಸದ ಡಬ್ಬಿಗೆ ಆಗತ್ತೆ, ನಾಯಿಗೆ ಆಗಲ್ಲ. ಸರಿ ಬಿಡಿ."

"ನಿನ್ನ ಬಾಯಿಗೆ ಹುಳ ಬೀಳ!"

"ಬೀಳ್ಲಿ. ಅದಕ್ಕೆ ಮೊದಲು ಹೇಳಿಬಿಡ್ತೀನಿ ಕೇಳಿ. ಈ ಮನೇಲಿ ಇನ್ನೊಬ್ಬ ಮಗ ಇದ್ದಾರೆ, ಅಲ್ಲಿ ಕೂತಿದ್ದಾರೆ ನೋಡಿ. ಅವರಿಗೆ ಬಾಯಿ ಇದೆ, ಹೊಟ್ಟೆನೂ ಇದೆ. ಕೊಡಿ ಅವರಿಗೆ."

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಅವನಂತೂ ಮುಟ್ಟೋ ಹಾಗೇ ಇಲ್ಲ."

ಆ 'ಅವನಂತೂ' ನನಗೆ ಕೆನ್ನೆಗೆ ಹೊಡೆದಂತಾಯಿತು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಎದ್ದು ಬಂದು ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ಸುಮ್ಮನೆ ತೆಗೆದುಕೊಂಡರು. ನೆಲದ ಮೇಲೆ ಕೂತು, ತಣ್ಣಗಾದ ಅನ್ನಕ್ಕೆ ಮೀನು ಬಿಡಿಸಿಕೊಂಡು ತಿನ್ನತೊಡಗಿದರು.

"ಇಡೋ ಕೆಳಗೆ!" ಅತ್ತೆ ಕಿರುಚಿದರು. ಕ್ಷೌರದಂಗಡಿಗೆ ಖಂಡಿತ ಕೇಳಿಸಿರಬೇಕು. "ಅದು ಅವನದು!"

"ನನ್ನ ಮೈಮೇಲೆ ಇದ್ದಿದ್ದೆಲ್ಲ ಅವನದೇ ಅಲ್ವಾ, ಅಮ್ಮ?" ಇವರು ದನಿ ಏರಿಸಲೇ ಇಲ್ಲ. "ಅವನ ಅಂಗಿ ಹರಿದ ಮೇಲೆ ನನಗೆ. ಅವನ ಚಪ್ಪಲಿ ಸವೆದ ಮೇಲೆ ನನಗೆ. ಅವನು ಹೊದ್ದು ಬಿಟ್ಟ ಕಂಬಳಿ ನನಗೆ. ಆಗೆಲ್ಲ ಏನೂ ಹಾಳಾಗಬಾರದು ಅಂತಿದ್ದೆ. ನಮ್ಮನೇಲಿ ಕಸದ ಡಬ್ಬಿ ಬೇಕಾಗೇ ಇರ್ಲಿಲ್ಲ, ನಾನಿದ್ದೆ."

ಮದುವೆಯಾದ ಮೇಲೆ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ನನಗೆ ಗೆದ್ದ ಖುಷಿಯಾಯಿತು.

"ಊಟವೂ ಅಷ್ಟೇ," ಇವರು ಇನ್ನೊಂದು ತುತ್ತು ಕಲಸಿದರು. "ಅವನಿಗೆ ಬಡಿಸ್ತಿದ್ದೆ. ಅವನು ಉಂಡು ಅರ್ಧ ಬಿಟ್ಟು ಏಳ್ತಿದ್ದ. ಆ ಎಂಜಲು ನನ್ನ ಮುಂದೆ ತಳ್ತಿದ್ದೆ. ಅವನ ಎಂಜಲು ತಿಂದೇ ಇಷ್ಟೆತ್ತರ ಬೆಳೆದಿದ್ದೀನಿ. ಈಗ ಎಂಜಲೂ ಆಗದೇ ಇರೋದನ್ನ ತಿಂದ್ರೆ ನಿನಗೆ ಉರಿಯತ್ತಾ?"

ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅವರ ಮುಂದಿನ ಮಾತು ಅವರ ಗಂಟಲಿನದೇ ಎಂದು ನಂಬಲಾಗಲಿಲ್ಲ, ಅಷ್ಟು ಸಣ್ಣಗಿತ್ತು.

"ಹೊಟ್ಟೆ ತುಂಬಿ ಬಿಡ್ತಿದ್ದ ಅಂದ್ಕೊಂಡಿದ್ದೀಯಾ?"

ಇವರ ಕೈ ನಿಂತಿತು.

"ನಿಮ್ಮಪ್ಪ ಹೋದ ಮೇಲೆ ಅವನು ಮರದ ಮಂಡೀಲಿ ಹಲಗೆ ಹೊರೋಕೆ ಹೋದ. ಮೀಸೆ ಇನ್ನೂ ಮೂಡಿರ್ಲಿಲ್ಲ. ಮನೇಲಿ ಇದ್ದಿದ್ದು ಒಬ್ಬರ ಊಟ. ದುಡಿಯೋ ಹುಡುಗ, ಪೂರ್ತಿ ಉಣ್ಣಲಿ ಅಂತ ಅವನಿಗೇ ಬಡಿಸ್ತಿದ್ದೆ. ಹಲಗೆ ಹೊತ್ತು ಬಂದವನು ಅರ್ಧ ಉಂಡು, ಸಾಕಮ್ಮ, ತಮ್ಮಂಗೆ ಕೊಡು ಅಂತ ಏಳ್ತಿದ್ದ. ಆಮೇಲೆ ಹಿತ್ತಲಿಗೆ ಹೋಗಿ ಹೊಟ್ಟೆ ತುಂಬ ನೀರು ಕುಡೀತಿದ್ದ. ನಿನಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದ. ಅವನು ಹೊಟ್ಟೆ ತುಂಬಾ ಉಂಡಿದ್ದನ್ನ ನಾನು ನೋಡೇ ಇಲ್ಲ ಕಣೋ. ಸೈನ್ಯಕ್ಕೆ ಸೇರ್ತೀನಿ ಅಂದಾಗಲೂ ಹೇಳಿದ್ದು ಅದನ್ನೇ, ಅಲ್ಲಿ ಮೂರು ಹೊತ್ತು ಊಟ ಹಾಕ್ತಾರಮ್ಮ ಅಂತ."

ಅತ್ತೆ ತಲೆಯೆತ್ತಿ ಗೋಡೆಯ ಫೋಟೋ ನೋಡಿದರು.

"ಸತ್ತ ಮೇಲಾದ್ರೂ," ಅತ್ತೆ ಹೇಳಿದರು, "ವರ್ಷಕ್ಕೆ ಒಂದು ದಿನ ಪೂರ್ತಿ ತಟ್ಟೆ ಅವನದೇ ಇರ್ಲಿ ಅಂತ ಇಡ್ತಿದ್ದೆ. ಅದಕ್ಕೇ ನೀನು ಮುಟ್ಟಬಾರದು ಅಂದಿದ್ದು. ಕೇಳಿಸ್ತಾ? ಈಗ ತಿನ್ನು. ಅವನಿದ್ದಿದ್ರೂ ನಿನಗೇ ಬಿಡ್ತಿದ್ದ."

ಕೊನೆಯ ಮಾತಿನಲ್ಲಿ ಪ್ರೀತಿ ಇತ್ತು ಎಂದು ನಾನು ಹೇಳಲಾರೆ. ಕಲ್ಲು ಎಸೆದ ಹಾಗೆ ಎಸೆದರು. ನಾನೂ ಅವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಷ್ಟು ವರ್ಷ ನನಗೆ ಇದನ್ನು ಹೇಳದೆ ನನ್ನ ಕೈಯಲ್ಲಿ ತಮ್ಮನ್ನು ದ್ವೇಷ ಮಾಡಿಸಿಕೊಂಡರಲ್ಲ ಎಂದು ಆ ಗಳಿಗೆಯಲ್ಲೂ ಸಿಟ್ಟೇ ಬಂತು. ಗೆದ್ದ ಖುಷಿ ಮಾತ್ರ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ತಟ್ಟೆಯಲ್ಲಿ ಸರಿಯಾಗಿ ಅರ್ಧ ಉಳಿದಿತ್ತು. ಇವರು ಅದನ್ನು ನೋಡುತ್ತ ಕೂತರು. ಬಾಯಲ್ಲಿದ್ದ ತುತ್ತು ನುಂಗಿದರು. ಆಮೇಲೆ ಎದ್ದು ತಟ್ಟೆಯನ್ನು ಅಮ್ಮನ ಮುಂದೆ ಹಿಡಿದರು.

"ನನಗೆ ಇಷ್ಟು ಸಾಕು. ಇದು ಅವನದು," ಎಂದರು.

ಅದೇ ಹೊತ್ತಿಗೆ ಚಾಳೀಸು ಮೇಷ್ಟ್ರು ಸ್ಟಿಕ್ಕರ್ ಹಿಡಿದು ನಮ್ಮ ಮೆಟ್ಟಿಲ ಬಳಿ ಬಂದರು. ಹಿಂದೆ ಬೀದಿಯ ಅರ್ಧ ಜನ. "ಇಲ್ಲಿ ನೋಡೋದೇ ಬೇಡ ಬಿಡಿ," ಎಂದರು ನಗುತ್ತ. "ಮೊದಲ ಪ್ರತಿಜ್ಞೆ ಮಾಡಿದ ಮನೆ! ಮೊದಲ ಸ್ಟಿಕ್ಕರ್ ಇದಕ್ಕೇ ಅಂತ ಎತ್ತಿಟ್ಟಿದ್ದೆ."

ಅತ್ತೆ ತಟ್ಟೆ ಹಿಡಿದು ಹೊರಗೆ ಬಂದರು. ಕಣ್ಣೊರೆಸಿಕೊಂಡಿರಲಿಲ್ಲ. ಎಲ್ಲರ ಎದುರು ಡಬ್ಬಿಯ ಬಳಿ ನಿಂತರು. ಎರಡು ಕೈಯಲ್ಲೂ ತಟ್ಟೆ ಇತ್ತು, ಮುಚ್ಚಳ ತೆಗೆಯಲು ಇನ್ನೊಂದು ಕೈ ಇರಲಿಲ್ಲ.

"ಅಮ್ಮಾ, ಇದೇನು ಮಾಡ್ತಿದ್ದೀರಿ? ಪ್ರತಿಜ್ಞೆ..." ಮೇಷ್ಟ್ರು ತೊದಲಿದರು.

"ನಿಮ್ಮ ಸ್ಟಿಕ್ಕರ್ ನೀವೇ ಹಣೆಗೆ ಅಂಟಿಸ್ಕೊಳ್ಳಿ," ಎಂದರು ಅತ್ತೆ. ಗಂಟಲು ತಿರುಗಿ ಬಂದಿತ್ತು.

ನಾನು ಹೋಗಿ ಮುಚ್ಚಳ ಎತ್ತಿ ಹಿಡಿದೆ.