ಎಂಟು ಬಾಗಿಲಿನ ಪೆಟ್ಟಿಗೆ

ನಾನು ಒಂದು ನೆಟ್‌ವರ್ಕ್ ಸ್ವಿಚ್. ದೀಪ ಹಚ್ಚುವ ಸ್ವಿಚ್ ಅಲ್ಲ. ಎಂಟು ತೂತುಗಳಿರುವ, ಅಂಗೈಯಗಲದ ಕರಿ ಪೆಟ್ಟಿಗೆ. ಕಾರ್ಖಾನೆಯಲ್ಲಿ ಒಬ್ಬಾಕೆ ನನ್ನ ದೀಪಗಳನ್ನು ಬೆರಳಿಟ್ಟು ಎಣಿಸಿದ್ದೇ ನನ್ನ ಮೊದಲ ನೆನಪು. ಅಲ್ಲಿಂದ ಹುಬ್ಬಳ್ಳಿಯ ಅಂಗಡಿ, ಆಮೇಲೆ ಗದಗ ಸೀಮೆಯ ಒಂದು ಸಣ್ಣ ಊರಿನ ವಾಚನಾಲಯ. ಗ್ರಂಥಪಾಲಕ ಮಾಲಗಿತ್ತಿ ಸರ್ ನನ್ನನ್ನು ಕಿಟಕಿಯ ಕೆಳಗಿನ ಹಲಗೆಯ ಮೇಲೆ ಕೂರಿಸಿದರು.

ನನ್ನದು ಅಂಚೆಯವನ ಕೆಲಸ. ಕಂಪ್ಯೂಟರಿನಲ್ಲಿ ಬರೆದದ್ದು ಇಡಿಯಾಗಿ ಹೋಗುವುದಿಲ್ಲ. ಚೂರುಚೂರಾಗಿ, ಪ್ರತಿ ಚೂರೂ ತನ್ನ ವಿಳಾಸ ಹೊತ್ತು, ವಿದ್ಯುತ್ತಿನ ಮಿಡಿತವಾಗಿ ತಂತಿಯಲ್ಲಿ ಓಡಿಬರುತ್ತದೆ. ವಿಳಾಸ ನೋಡಿ ಸರಿಯಾದ ಬಾಗಿಲಿಗೆ ಕಳಿಸುತ್ತೇನೆ. ಕೆಲವು ಮಾತ್ರ "ಇಂಥವರು ಎಲ್ಲಿದ್ದೀರಿ?" ಎಂದು ಎಲ್ಲರನ್ನೂ ಕೂಗುವ ಚೂರುಗಳು. ಅವನ್ನು ಬಂದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲಿಗೂ ಹಂಚುತ್ತೇನೆ. ಚೂರು ಹಾಯ್ದಾಗೊಮ್ಮೆ ದೀಪ ಮಿನುಗುತ್ತದೆ. ನನಗಿರುವ ಮಾತು ಅದೊಂದೇ.

ಕಸಗುಡಿಸುವ ಯಮನವ್ವ ದಿನಾ ಬೆಳಿಗ್ಗೆ, ಮಗುವಿನ ಕಿವಿ ಒರೆಸುವಂತೆ, ಸೆರಗಿನ ತುದಿಯಿಂದ ನನ್ನ ಧೂಳು ತೆಗೆಯುತ್ತಿದ್ದಳು. ಬಳೆ ಅಂಗಡಿಯವರ ಮಗಳು ರುಬಿನಾ ಓದಲು ಬರುವಳೆಂದು ಫ್ಯಾನಿನ ಕೆಳಗಿನ ಕುರ್ಚಿಯನ್ನು ಯಾರಿಗೂ ಬಿಡುತ್ತಿರಲಿಲ್ಲ.

"ಆಯಿ, ನಾ ನರ್ಸ್ ಆದ್ಮ್ಯಾಲೆ ಮೊದಲ್ನೇ ಸೂಜಿ ನಿನಗ!"

"ಮೊದಲ ನಿನ್ನ ಬಾಯಿಗೆ ಚುಚ್ಕೋ, ತಗಡು ಬಡದಂಗ ಬಡಕೋತದ!"

ಆ ವರ್ಷ ಹಬ್ಬದ ರಜೆಯ ಹಿಂದಿನ ದಿನವೇ ವಾಚನಾಲಯದಲ್ಲಿ ಆಯುಧಪೂಜೆ ಇಟ್ಟುಕೊಂಡರು. ನರ್ಸಿಂಗ್ ಕಾಲೇಜುಗಳನ್ನು ಇಂಟರ್ನೆಟ್ಟಿನಲ್ಲಿ ಆರಿಸಿ ಕಳಿಸಲು ಅದೇ ಸಂಜೆ ಐದರವರೆಗೆ ಗಡುವು; ತಪ್ಪಿದರೆ ಸೀಟಿಲ್ಲ. ಮೂರಕ್ಕೆ ಬರುತ್ತೇನೆಂದು ರುಬಿನಾ ಹೇಳಿಹೋಗಿದ್ದಳು.

ಬೆಳಿಗ್ಗೆ ಗುಡಿಸುವಾಗ ಯಮನವ್ವನ ಕಾಲಿಗೆ ಒಂದು ವೈರು ತಾಗಿತು. ಅದರ ಒಂದು ತುದಿ ನನ್ನಲ್ಲೇ ಇತ್ತು. ಇನ್ನೊಂದು ತುದಿಯ ಕಂಪ್ಯೂಟರು ರಿಪೇರಿಗೆ ಹೋಗಿತ್ತು. "ಹಾದ್ಯಾಗ ಬಿದ್ದದ, ಯಾರರ ಎಡವ್ಯಾರು," ಎನ್ನುತ್ತ ಆ ತುದಿಯನ್ನು ಎತ್ತಿ, ನನ್ನದೇ ಒಂದು ಖಾಲಿ ಬಾಗಿಲಿಗೆ ಟಕ್ಕೆಂದು ಕೂರಿಸಿದಳು. ಆಮೇಲೆ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಳು.

ನಾನು ಒಂದು ಬಾಗಿಲಿನಿಂದ ಕಳಿಸಿದ ಕೂಗು ಇನ್ನೊಂದರಿಂದ ನನಗೇ ಮರಳಿತು. ಅದನ್ನು ಮತ್ತೆ ಹಂಚಿದೆ. ಮತ್ತೆ ಮರಳಿತು. ಒಂದು ನೂರಾಯಿತು, ನೂರು ಲಕ್ಷವಾಯಿತು. ಇಂಥ ಸುತ್ತನ್ನು ಗುರುತಿಸಿ ಬಾಗಿಲು ಮುಚ್ಚುವ ಬುದ್ಧಿ ಬೆಲೆಬಾಳುವ ಸ್ವಿಚ್‌ಗಳಿಗಿರುತ್ತದೆ; ನನಗಿರಲಿಲ್ಲ. ನನ್ನ ದೀಪಗಳೆಲ್ಲ ಹುಚ್ಚೆದ್ದು ಮಿನುಗಿದವು.

"ನೋಡ್ರಿ ಸರ್ರ, ಪೂಜಿ ಮಾಡಿದ್ದಕ್ಕ ಎಷ್ಟ್ ಖುಷಿಯಾಗ್ಯದ ಇದಕ್ಕ!" ಯಮನವ್ವ ನಕ್ಕಳು. ಸರ್ ಕೂಡ ನಕ್ಕರು.

ಮೂರಕ್ಕೆ ರುಬಿನಾ ಬಂದಳು. ಪುಟ ತೆರೆಯಲಿಲ್ಲ. ಸರ್ ಕಂಪ್ಯೂಟರು ಆರಿಸಿ ಹಚ್ಚಿದರು, ನನ್ನನ್ನೂ ಆರಿಸಿ ಹಚ್ಚಿದರು. ವೈರು ಇದ್ದಲ್ಲೇ ಇತ್ತು. "ಲೈನ್ ಹೋಗೇದವ್ವಾ," ಎಂದರು. ಊರಿನ ಒಂದೇ ಇಂಟರ್ನೆಟ್ ಅಂಗಡಿ ಪೂಜೆ ಮುಗಿಸಿ ಬೀಗ ಹಾಕಿತ್ತು. ಆಗಿನ್ನೂ ಮೊಬೈಲಿನಲ್ಲಿ ಇವೆಲ್ಲ ಇರಲಿಲ್ಲ. ಆ ಪುಟ ಬೇಕೆಂಬ ಅವಳ ಕೋರಿಕೆ ನನ್ನ ಬಾಗಿಲವರೆಗೆ ಬಂದು, ನನ್ನದೇ ಗದ್ದಲದಲ್ಲಿ ಕಳೆದುಹೋಗುತ್ತಿತ್ತು. ಯಮನವ್ವ ತಣ್ಣೀರು ತಂದುಕೊಟ್ಟು ಅವಳ ಬೆನ್ನು ಸವರುತ್ತ ನಿಂತಳು. ಐದು ಹೊಡೆಯಿತು.

ರಜೆ ಮುಗಿದ ಮೇಲೆ ಎಂಜಿನಿಯರ್ ಬಂದ. ನೋಡುತ್ತಲೇ ವೈರು ಕಿತ್ತ. ನನ್ನ ದೀಪಗಳು ಶಾಂತವಾದವು.

"ಇದನ್ನ ಯಾರ್ ಚುಚ್ಚಿದ್ರಿ ಇಲ್ಲಿ?"

"ನಾನ್ರಿ," ಎಂದಳು ಯಮನವ್ವ. ಅಂದು ಲೈನು ಕೆಡಿಸಿದ್ದು ಆ ವೈರೇ ಎಂದು ಅವನು ತಿಳಿಸಿ ಹೇಳಿದ.

ಯಮನವ್ವ ಅದನ್ನು ಮುಚ್ಚಿಡಲಿಲ್ಲ. ಪುಸ್ತಕ ಹಿಂತಿರುಗಿಸಲು ಬಂದ ರುಬಿನಾಳಿಗೆ ತಾನೇ ಹೇಳಿದಳು. ಹುಡುಗಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇರ್ಲಿ ಬಿಡು ಆಯಿ. ನಿನಗೇನ್ ಗೊತ್ತಿತ್ತು," ಎಂದಳು. ಬೈದಿದ್ದರೆ ಯಮನವ್ವನಿಗೆ ಹಗುರಾಗುತ್ತಿತ್ತೋ ಏನೋ. ರುಬಿನಾ ಮತ್ತೆ ಬರಲಿಲ್ಲ. ಓದು ಬಿಟ್ಟು ಮನೆಯವರ ಬಳೆ ಅಂಗಡಿಯಲ್ಲಿ ಕೂತಳೆಂದು ಸರ್ ಯಾರಿಗೋ ಹೇಳುವುದು ಕೇಳಿಸಿತು.

ಯಮನವ್ವ ನನ್ನನ್ನು ಮುಟ್ಟುವುದನ್ನೇ ಬಿಟ್ಟಳು. ಮರುವರ್ಷದ ಪೂಜೆಗೆ ದೂರದಿಂದಲೇ ಹೂವು ಹಾಕಿದಳು. ಫ್ಯಾನಿನ ಕೆಳಗಿನ ಕುರ್ಚಿಯನ್ನು ಮಾತ್ರ, ಕೆಲಸ ಬಿಡುವವರೆಗೂ, ದಿನಾ ಒರೆಸಿ ಖಾಲಿ ಇಡುತ್ತಿದ್ದಳು.

ಈಗ ನಾನು ಅಟ್ಟದ ಮೇಲೆ ಹಳೆಯ ಪತ್ರಿಕೆಗಳ ನಡುವೆ ಇದ್ದೇನೆ. ಎಂಟೂ ಬಾಗಿಲುಗಳಲ್ಲಿ ಧೂಳು ತುಂಬಿದೆ. ಒಂದರ ಅಂಚಿನಲ್ಲಿ ಆ ದಿನದ ಕುಂಕುಮ ಇನ್ನೂ ಅಂಟಿಕೊಂಡಿದೆ. ಯಾರ್ಯಾರದೋ ಮಾತುಗಳನ್ನು ಎಲ್ಲೆಲ್ಲಿಗೋ ಮುಟ್ಟಿಸಿದೆ. ಎರಡೇ ಮಾರು ದೂರದಲ್ಲಿದ್ದ ಯಮನವ್ವನಿಗೆ "ಆ ವೈರು ತೆಗಿ ತಾಯಿ" ಎಂಬುದೊಂದನ್ನು ಮುಟ್ಟಿಸಲಾಗಲಿಲ್ಲ. ಇದ್ದ ದೀಪಗಳಿಂದಲೇ ಕೂಗಿಕೊಂಡೆ. ಅವಳು ಅದನ್ನು ಸಂತೋಷ ಅಂದುಕೊಂಡಳು.