ಜೀಪಿನ ಕೆಳಗಿನ ಒಣ ನೆಲ

೧೯೯೯ರ ಅಕ್ಟೋಬರ್ ಇಪ್ಪತ್ತೊಂದು, ಗುರುವಾರ, ಎಣಿಸಿದರೆ ಸರಿಯಾಗಿ ಹನ್ನೊಂದು ಕುಣಿಗಳು — ಬೆರಳ ತುದಿ ಹಿಡಿಸುವಷ್ಟು ದುಂಡಗಿನವು, ತಳ ಚೂಪಾದವು, ಒಣ ಮಣ್ಣಿನಲ್ಲಿ ಅಡಗಿ ಕುಳಿತು ಇರುವೆಗೆ ಹೊಂಚು ಹಾಕುವ ಹುಳು ತೋಡುವಂಥವು, ಮಳೆ ಬಿದ್ದ ನೆಲದಲ್ಲಿ ಅವು ಉಳಿಯಲಾರವು, ಗಬ್ಬೂರಿನ ಈ ಅಂಗಳವೆಲ್ಲ ನಿನ್ನೆಯ ಮಳೆಗೆ ಕಪ್ಪಾಗಿದೆ, ಆದರೆ ಗಾಲಿ ತಿರುಗುತ್ತವೆಯೋ ಇಲ್ಲವೋ ನೋಡಲೆಂದು ಹನುಮಪ್ಪ ಜೀಪನ್ನು ಒಂದು ಮೊಳ ಹಿಂದಕ್ಕೆ ನೂಕಿದ್ದೇ ತಡ, ಅದರ ಮೂತಿಯ ಮುಂದೆ ಹಿಟ್ಟಿನಂಥ ಬಿಳಿ ಮಣ್ಣಿನ ಪಟ್ಟಿಯೊಂದು ಬಯಲಾಗಿತ್ತು, ಎಂಟು ವರ್ಷ ಮಳೆ ಕಾಣದ ನೆಲ, ಗುರುಪಾದಪ್ಪ ಮಾಸ್ತರರು ಜೀಪು ನೋಡಲು ಬಂದವರು ನೆಲ ನೋಡುತ್ತ ನಿಂತರು, ಹುಡುಗರಿಗೆ ಲೆಕ್ಕ ಕಲಿಸಿಯೇ ಮುಪ್ಪಾದ ಕಣ್ಣು, ಎಲ್ಲಿ ಬಿದ್ದರೂ ಎಣಿಸುತ್ತದೆ, ಎಣಿಸಿದ ಮಾತ್ರಕ್ಕೆ ತೀರ್ಮಾನವಾಗುವುದಿಲ್ಲ — ಕೊಳ್ಳುವುದೋ, ಬಿಡುವುದೋ. ಬಾನೆಟ್ಟಿನ ಮೇಲೆ ಚೆಂಡುಹೂವಿನ ಸರ, ಇನ್ನೂ ಪೂರ್ತಿ ಬಾಡಿಲ್ಲ, ಮೊನ್ನೆ ದಸರೆಯ ಖಂಡೇ ಪೂಜೆಗೆ ಏರಿಸಿದ್ದು, ಗಂಡ ಬದುಕಿದ್ದಾಗ ಪ್ರತಿವರ್ಷ ಏರಿಸುತ್ತಿದ್ದನೆಂದು ಗಾಡಿಯ ಒಡತಿ ತಾಜಬಿ ಈಗಲೂ ಬಿಟ್ಟಿಲ್ಲ, ಚಾಚಿ, ಸತ್ತ ಗಾಡಿಗಿ ಯಾಕ ಪೂಜಾ ಮಾಡ್ತಿ ಎಂದು ಹನುಮಪ್ಪ ನಕ್ಕರೆ ಅವಳು ನಗಲಿಲ್ಲ, ಸತ್ತದ್ದು ಅವರು, ಗಾಡಿ ಅಲ್ಲ. ಖರೆ, ಎಂಜಿನ್ ಬಿಗಿದಿಲ್ಲ, ಹ್ಯಾಂಡಲ್ ಹಾಕಿ ತಿರುವಿದರೆ ಕೆಮ್ಮಿದಂತೆ ತಿರುಗಿತು, ತಾರಿಹಾಳದಲ್ಲಿ ಗ್ಯಾರೇಜು ನಡೆಸುವ ಹನುಮಪ್ಪ ಸುಳ್ಳು ಹೇಳುವವನಲ್ಲ, ಬಾಯಿ ಮಾತ್ರ ದೊಡ್ಡದು, ಬ್ಯಾಟರಿ ಒಂದು, ಟೈರು ನಾಕು, ಬ್ರೇಕಿನ ರಬ್ಬರು, ಎರಡು ದಿನಾ ಕೊಡ್ರಿ ಮಾಸ್ತರ್ರ, ಹುಣ್ಣಿವಿ ದಿನಾ ನಾನ ಹೊಡಕೊಂಡು ಬರ್ತೇನಿ, ಹೊಲದಾಗ ಊಟಾ ಮಾತ್ರ ಗಟ್ಟಿ ಇರಬೇಕ — ಎರಡು ದಿನ, ರವಿವಾರ ಶೀಗಿ ಹುಣ್ಣಿಮೆ, ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವ ದಿನ, ನಡುವೆ ಉಳಿಯುವುದು ಶುಕ್ರವಾರ, ಶನಿವಾರ, ಲೆಕ್ಕ ಸರಿ ಹೋಗುತ್ತದೆ, ಮನಸ್ಸು ಸರಿ ಹೋಗುತ್ತಿಲ್ಲ, ಸೈಕಲ್ಲಿನ ಹೊರತು ಜನ್ಮದಲ್ಲಿ ಬೇರೆ ಗಾಲಿ ಕೊಳ್ಳದವನು ಎಪ್ಪತ್ತರ ಹೊಸ್ತಿಲಲ್ಲಿ ಜೀಪು ಕೊಂಡನಂತೆ, ಧಾರವಾಡದ ಓಣಿಯವರು ನಗಲಿ, ಆದರೆ ಮುಂಜಾನೆ ಹೆಂಡತಿ ಬಾಳವ್ವ ಹಾಸಿಗೆಯ ಮೇಲಿಂದಲೇ ನಕ್ಕಳು, ಹಲ್ಲ ಎಣಿಸ್ರಿ, ಬಾಲಾ ಎತ್ತಿ ಸುಳಿ ನೋಡ್ರಿ, ಮುದಿ ಎತ್ತು ಕೊರಳಿಗಿ ಕಟಗೊಂಡು ಬಂದೀರಿ, ನಕ್ಕವಳು ಗೋಡೆಯ ಕಡೆ ಹೊರಳಿ, ನಾ ಹೊಲಾ ನೋಡಿ ಮೂರು ಶೀಗಿ ಹುಣ್ಣಿವಿ ಆತು, ಯಾರ ಚರಗಾ ಚೆಲ್ಲಿದ್ರೂ ಭೂಮಿತಾಯಿ ಉಂಡಂಗ ಅನಸೂದಿಲ್ಲ ನನಗ, ಅಷ್ಟೇ ಅಂದಳು, ಹಟ ಹಿಡಿದು ವಾದಿಸಿದ್ದರೆ ತೆಗೆದು ಹಾಕಬಹುದಿತ್ತು.

ಮುಗದದ ಹೊಲಕ್ಕೆ ರಸ್ತೆಯಿಂದ ಒಳಗೆ ಅರ್ಧ ಮೈಲು, ಮಳೆಗಾಲ ಹಿಂದೆ ಸರಿದರೂ ಕಾಲು ಬಿಡದ ಎರಿ ಮಣ್ಣು, ಅಟೋ ರಸ್ತೆಯಲ್ಲೇ ನಿಲ್ಲುತ್ತದೆ, ಬಾಡಿಗೆ ಜೀಪಿನವರು ಹಾದಿಯ ಹೆಸರು ಕೇಳಿಯೇ ಕೈಮುಗಿಯುತ್ತಾರೆ, ಚಕ್ಕಡಿಯ ಕುಲುಕಿಗೆ ಬಾಳವ್ವನ ಟೊಂಕದ ಮುರಿದ ಎಲುಬು ಒಪ್ಪುವುದಿಲ್ಲ, ಡಾಕ್ಟರರು ಬೇಡವೆಂದಿದ್ದಾರೆ — ಆ ಹಾದಿಯಲ್ಲಿ ಹೋದ ಗಾಡಿ ಇದೊಂದೇ, ಅವರು ಕಣ್ಣಾರೆ ಕಂಡದ್ದು ಇದೊಂದೇ, ತೊಂಬತ್ತರ ಶ್ರಾವಣ, ಬದುವಿನ ಹುಲ್ಲು ಕೊಯ್ಯುವಾಗ ಬಾಳವ್ವನ ಕಾಲಿಗೆ ಹುಳ ಮುಟ್ಟಿತ್ತು, ಹಾವೆಂದು ಹೆಸರೆತ್ತಬಾರದು, ಮಾಸ್ತರರು ಉಟ್ಟ ಧೋತರದ ಸೆರಗು ಬೀಸುತ್ತ ರಸ್ತೆಗೆ ಓಡಿದ್ದರು, ಹಳಿಯಾಳದ ಕಡೆ ಬಿದಿರು ಕಡಿಯುವವರನ್ನು ಇಳಿಸಿ ಬರುತ್ತಿದ್ದ ಮೌಲಾಸಾಬ, ಇದೇ ತಾಜಬಿಯ ಗಂಡ, ಗುರುತಿಲ್ಲ ಪರಿಚಯವಿಲ್ಲ, ಒಂದು ಮಾತೂ ಕೇಳದೆ ಜೀಪನ್ನು ಕೆಸರಿಗೆ ಇಳಿಸಿದ, ಗೇರಿನ ಪಕ್ಕದ ಗಿಡ್ಡ ಕೋಲನ್ನು ಎಳೆದ, ನಾಲ್ಕೂ ಗಾಲಿ ಒಮ್ಮೆಲೇ ಮಣ್ಣು ಕಚ್ಚಿದವು, ಮಾಸ್ತರ್ರ, ಅಕ್ಕಾರ್ನ ಮಾತಾಡಸಕೋತ ಇರ್ರಿ, ನಿದ್ದಿ ಮಾಡಾಕ ಬಿಡಬ್ಯಾಡ್ರಿ, ಏನು ಮಾತಾಡುವುದು, ಮೂವತ್ತು ವರ್ಷದ ಸಂಸಾರದಲ್ಲಿ ಇದು ತಾ, ಅದು ಇಡು ಎಂಬುದರ ಆಚೆ ಮಾತೇ ಕಲಿತಿರಲಿಲ್ಲ, ಬಾಯಿಗೆ ಬಂದದ್ದು ಮಗ್ಗಿ, ಹದಿಮೂರೊಂದ್ಲೆ ಹದಿಮೂರು, ಸಾಲಿಯ ಮುಖ ಕಾಣದವಳು ತೊಡೆಯ ಮೇಲೆ ತಲೆಯಿಟ್ಟು ನಡುಗುವ ತುಟಿಯಿಂದ, ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ, ಮುಂದೆ ಕೂತ ಮೌಲಾಸಾಬನೂ ದನಿಗೂಡಿಸಿ, ಇಪ್ಪತ್ತಾರು ಅಕ್ಕಾ, ಹೇಳ್ರಿ ಅಕ್ಕಾ, ಧಾರವಾಡದ ದವಾಖಾನೆಯ ಬಾಗಿಲ ತನಕ, ಉಳಿದಳು, ಉಳಿದು ಇವತ್ತಿಗೂ ಅಣಕಿಸುತ್ತಾಳೆ, ಸಾಯೂ ಹೊತ್ತಿನ್ಯಾಗೂ ಮಗ್ಗಿ ಬಿಡಲಿಲ್ಲ ಈ ಪುಣ್ಯಾತ್ಮ. ಬಾಡಿಗೆ ಎಷ್ಟಪ್ಪಾ ಎಂದು ಕಿಸೆಗೆ ಕೈಹಾಕಿದರೆ ಅವನು ಸೀಟಿನ ಕೆಸರು ಒರೆಸುತ್ತ, ಅಕ್ಕಾರು ಆರಾಮ ಆಗ್ಲಿ, ಶೀಗಿ ಹುಣ್ಣಿವಿಗಿ ನನ್ನನ್ನ ಹೊಲದಾಗ ಕುಂದ್ರಿಸಿ ಅವರ ಕೈಲೆ ಒಂದು ಸಜ್ಜಿರೊಟ್ಟಿ ಕೊಡಸ್ರಿ, ಬಾಡಗಿ ಮುಟ್ಟಿತು. ಆ ಹುಣ್ಣಿಮೆಗೆ ಬಾಳವ್ವ ಕೇಳಿದಳು, ಅವರ್ನ ಕರದ್ರ್ಯಾ, ಮಾಸ್ತರರು ತಲೆ ಎಣಿಸಿದರು, ಒಬ್ಬನನ್ನು ಕರೆದರೆ ಮನೆಮಂದಿಯನ್ನೆಲ್ಲ ಕರೆಯಬೇಕು, ಗಬ್ಬೂರಿನಿಂದ ಮುಗದಕ್ಕೆ ಬಂದುಹೋಗುವ ಖರ್ಚು ಯಾರದು, ಬರೂ ವರ್ಷ ಕರದ್ರಾತು — ಬರುವ ವರ್ಷದ ಮಳೆಗಾಲ ಮುಗಿಯುವುದರೊಳಗೆ ಮೌಲಾಸಾಬ ಎದೆನೋವೆಂದು ಇದೇ ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ, ಜೀಪು ಅವನು ನಿಲ್ಲಿಸಿದಲ್ಲೇ ನಿಂತಿತು, ಕೆಳಗಿನ ನೆಲ ಅಂದಿನಿಂದ ಒಣಗಿದ್ದು, ಹನ್ನೊಂದು ಕುಣಿ.

ಬೈಪಾಸಿನಲ್ಲಿ ಲಾರಿಯೊಂದು ಕೂಗುತ್ತ ಹೋಯಿತು, ತಾಜಬಿ ಚಹಾ ತಂದಿಟ್ಟಳು, ಇಲ್ಲಿ ಮಗಳು ಹಿಟ್ಟಿನ ಗಿರಣಿ ಹಾಕ್ತಾಳ್ರಿ, ಜಾಗಾ ಬೇಕು, ಇಲ್ಲಾಂದ್ರ ಮಾರ್ತಿದ್ದಿಲ್ಲ, ಗುಜರಿಯಂವ ನಾಳಿ ಕೊಯ್ಯೂ ಸಾಮಾನ ತಗೊಂಡ ಬರ್ತೇನಿ ಅಂದಾನ, ಒಂಬತ್ತು ಸಾವಿರ ಹೇಳ್ಯಾನ. ನೀವೇನು ಹೇಳತೀರಿ ಎಂದು ಮಾಸ್ತರರು ಕೇಳಿದರು, ದಾರಿಯುದ್ದಕ್ಕೂ ಚೌಕಾಶಿಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದರು, ತಗಡು ತಿಂದಿದೆ, ಸೀಟಿನ ಹೊಟ್ಟೆ ಇಲಿ ಹರಿದಿದೆ, ಕಾಗದಪತ್ರದ ಅವಧಿ ಮುಗಿದಿದೆ, ಅವಳು ಒಂದು ಅಂದರೆ ತಾವು ಒಂದು ಕಳೆಯುವುದು, ಆದರೆ ಅವಳು, ನಾ ಏನ ಹೇಳ್ಲಿ ಮಾಸ್ತರ್ರ, ಲೆಕ್ಕ ಕಲಿಸಿದವರು ನೀವು, ನೀವ ಹಾಕ್ರಿ, ನೀವು ಹೇಳಿದ್ದು ನನಗ ಒಪ್ಪಿಗಿ — ಯಾವುದರಿಂದ ಕಳೆಯುವುದು ಈಗ, ಹನುಮಪ್ಪ ಬಗ್ಗಿ ಕಿವಿಯಲ್ಲಿ, ಹತ್ತು ಅಂದಬಿಡ್ರಿ, ಗುಜರಿಯವಂಗಿಂತ ಒಂದು ಹೆಚ್ಚು, ನಿಮಗೂ ಪುಣ್ಯ, ನಿಮ್ಮ ಕಿಸೆಗೂ ಪುಣ್ಯ, ಹತ್ತು ನ್ಯಾಯದ್ದೇ, ರಿಪೇರಿಯ ಖರ್ಚು ಕಳೆದರೆ ಹತ್ತೇ ಬರುತ್ತದೆ, ಆದರೆ ಗಿಡ್ಡ ಕೋಲು ಕಾಣುತ್ತಿದೆ, ಅದರ ಗುಂಡು ಹಿಡಿಕೆಯ ಮೇಲೆ ಎಂಟು ವರ್ಷದ ಧೂಳು, ಹದಿಮೂರೆರಡ್ಲೆ ಇಪ್ಪತ್ತಾರು ಅಕ್ಕಾ — ಹದಿನೆಂಟು, ಎಂದರು ಮಾಸ್ತರರು. ಹನುಮಪ್ಪನ ಕೈಯ ಪಾನಾ ಕೆಳಗೆ ಬಿತ್ತು, ಏನ್ರಿ ಇದು, ನಿಮ್ಮ ಗಾಡಿ ನೀವ ಮಾರಾಕತ್ತೀರೇನು. ತಾಜಬಿ ಮಾತ್ರ ಸೆರಗು ಸರಿಪಡಿಸಿಕೊಂಡು, ಜಾಸ್ತಿ ಆತು, ಹತ್ತು ಕೊಡ್ರಿ, ಇಲ್ಲ ಹದಿನೆಂಟು, ಎಂದರು ಇವರು, ಹನ್ನೊಂದ್ರಿ, ಎಂದಳು ಅವಳು, ಹಾಂಗಾದ್ರ ನಿಮ್ಮ ಮಾತು ನನ್ನ ಮಾತು ಎರಡೂ ಉಳೀಲಿ, ಹದಿನೆಂಟ ಎಂದು ಮಾಸ್ತರರು ಗದರಿದರು, ಹನುಮಪ್ಪ ಹಣೆ ಬಡಿದುಕೊಂಡ, ಕೊಳ್ಳಾಂವ ಏರಸ್ತಾನ, ಮಾರಾಕಿ ಇಳಸ್ತಾಳ, ಇಂಥಾ ವ್ಯಾಪಾರ ನೋಡೂದಕ್ಕಿಂತ ನಾ ಗ್ಯಾರೇಜ ಮುಚ್ಚೂದ ಛಲೋ. ಆಗ ಅವಳು ಮೆಲ್ಲಗೆ, ಹತ್ತು ಗಾಡೀದು, ಉಳಿದ ಎಂಟು ಯಾವುದರದ್ರಿ ಮಾಸ್ತರ್ರ, ಮಾಸ್ತರರು ಹದಿನೆಂಟೂ ಎಣಿಸಿ ಅವಳ ಕೈಗೆ ಕೊಟ್ಟರು, ಅವಳೇ ಮುಂದುವರಿದು, ಆ ದಿನದ್ದು ಅಂತ ಕೊಡ್ತಿದ್ರ ನಾ ಮುಟ್ಟಂಗಿಲ್ಲ, ಮನಿಗಿ ಬಂದು ನನ್ನ ಮುಂದ ಹೇಳಿದ್ರು ಅವರು, ರೊಟ್ಟಿ ಅಂದಿದ್ರು, ರೊಕ್ಕ ಅಂದಿದ್ದಿಲ್ಲ. ಸಿಟ್ಟಿಲ್ಲ ದನಿಯಲ್ಲಿ, ಸಿಟ್ಟಿದ್ದರೆ ಒಳ್ಳೆಯದಿತ್ತು, ಹತ್ತು ಸಾವಿರ ಎಣಿಸಿಕೊಂಡು ಉಳಿದ ನೋಟುಗಳನ್ನು ಅವರ ಮೊಣಕಾಲ ಹತ್ತಿರ ಕಟ್ಟೆಯ ಮೇಲಿಟ್ಟಳು, ಹಾರದಂತೆ ಚಹಾದ ಬಟ್ಟಲು ಹೇರಿದಳು.

ಕೊಂಡದ್ದಾಯಿತು, ಹಾಗಾದರೆ ಈ ಚಡಪಡಿಕೆ ಯಾಕೆ, ಹನುಮಪ್ಪ ತನ್ನ ಟೆಂಪೋಕ್ಕೆ ಹಗ್ಗ ಬಿಗಿದು ಜೀಪನ್ನು ಅಂಗಳದಿಂದ ಎಳೆಯುತ್ತಿದ್ದಾನೆ, ಚೆಂಡುಹೂವಿನ ಸರ ಅಲುಗುತ್ತಿದೆ, ತಾಜಬಿ ಅದರ ಬೆನ್ನಿಗೆ ಒಮ್ಮೆ ಅಂಗೈ ಇಟ್ಟು ತೆಗೆದಳು, ರವಿವಾರ ಬಾಳವ್ವ ಮುಂದಿನ ಸೀಟಿನಲ್ಲಿ ಕೂಡುತ್ತಾಳೆ, ಮಡಿಲಲ್ಲಿ ಬುಟ್ಟಿ, ಹೊಟ್ಟೆ ತುಂಬಿ ನಿಂತ ಭತ್ತದ ನಡುವೆ ಚರಗ ಚೆಲ್ಲುತ್ತಾಳೆ, ಆಮೇಲೆ ಹಿಂದೆ ನೋಡಿ ಕೇಳುತ್ತಾಳೆ, ಕರದ್ರ್ಯಾ, ಕೇಳಿಯೇ ಕೇಳುತ್ತಾಳೆ — ರವಿವಾರ ಹೊಲಕ್ಕ ಊಟಕ್ಕ ಬರ್ರಿ, ನಾಲ್ಕು ಮಾತು, ಕಿಸೆಯಿಂದ ಏನೂ ತೆಗೆಯಬೇಕಿಲ್ಲ, ಆದರೆ ಅವನ ಗಾಡಿಯಲ್ಲೇ ಕರೆದುಕೊಂಡು ಹೋಗಿ, ಅವನಿಗೆ ಕೊಡದ ರೊಟ್ಟಿಯನ್ನು ಇವಳ ಕೈಗೆ ಕೊಟ್ಟು, ಮುಟ್ಟಿತು ಅನ್ನುವುದು ಯಾವ ಬಾಯಿಂದ, ತಾಜಬಿ, ಎಂದರು ಮಾಸ್ತರರು, ರವಿವಾರ, ಎಂದರು, ಏನ್ರಿ, ಎಂದು ಅವಳು ತಿರುಗಿ ನಿಂತಳು, ಜೀಪು ಇದ್ದಲ್ಲಿ ಈಗ ಬರಿಯ ನೆಲ, ಜೀಪಿನಷ್ಟೇ ಉದ್ದ ಅಷ್ಟೇ ಅಗಲ ಬಿಳಿ, ಮೊದಲ ಹನಿ ಬಿತ್ತು, ಒಂದು ಕುಣಿ ಮುಚ್ಚಿತು, ಇನ್ನೊಂದು ಹನಿ, ಎರಡು, ಮೂರು, ಅವಳು ಕಾಯುತ್ತಿದ್ದಾಳೆ, ಒಣ ಮಣ್ಣಿನ ವಾಸನೆ, ಆರು, ಏಳು, ಹೇಳಬೇಕು, ಒಂಬತ್ತು, ಹತ್ತು, ಇನ್ನೊಂದು, ಅಂಚಿನಲ್ಲಿ ಎಣಿಕೆಗೆ ಸಿಗದಿದ್ದ ಇನ್ನೊಂದು, ಮಾಸ್ತರರ ಬಾಯಿ ತೆರೆದುಕೊಂಡೇ ಇದೆ —