ಉಗುರು ಮತ್ತು ಮೂರು ಚುಕ್ಕಿ

ಇಲ್ಲ, ಅವನು ಎಡಗೈಯವನಾಗಿರಲಿಕ್ಕಿಲ್ಲ. ಉಗುರು ಈ ಸಲ ಎಡಕ್ಕೆ ಬಾಗಿದೆ, ಅಷ್ಟೇ.

ಮಂಜುಷಾ ಮಸೂರವನ್ನು ಕಣ್ಣಿನಿಂದ ತೆಗೆದಳು. ಅಡಿಗೆಮನೆಯ ಕಿಟಕಿಯಲ್ಲಿ ಬಿಸಿಲು ಆಗಲೇ ಚುರುಕಾಗಿತ್ತು. ಕಟ್ಟೆಯ ಮೇಲೆ ಬೆಳ್ಳಿಯ ಗುಲಾಬದಾನಿ ನಿಂತಿತ್ತು. ಕೆಳಗೆ ದುಂಡನೆಯ ಹೊಟ್ಟೆ, ಮೇಲೆ ಗೇಣುದ್ದದ ತೆಳುವಾದ ಕೊರಳು, ತುದಿಯಲ್ಲಿ ಪನ್ನೀರು ಚಿಮುಕಿಸುವ ತೂತುಗಳ ಮೊಗ್ಗು. ಕೊರಳು ಹೊಟ್ಟೆಯನ್ನು ಸೇರುವಲ್ಲಿ ಎಲೆಗಳ ಪಟ್ಟಿ. ಒಂದು ಎಲೆಯ ಮರೆಯಲ್ಲಿ, ಹುಡುಕಿದವರಿಗೆ ಮಾತ್ರ ಸಿಗುವಂತೆ, ಜೋಳದ ಕಾಳಿಗಿಂತ ಚಿಕ್ಕದೊಂದು ಮುದ್ರೆ. ಉಗುರು ಒತ್ತಿದಂಥ ಗೀರು, ಅದರ ಕೆಳಗೆ ಮೂರು ಚುಕ್ಕಿ.

ಈ ಮುದ್ರೆಯ ವಸ್ತುಗಳಲ್ಲಿ ಇದು ಒಂಬತ್ತನೆಯದು.

"ಚಹಾ ಆರಾಕತ್ತದ," ಅಂದ ಗಂಡ ಅಜಿತ, ಪೇಪರಿನಿಂದ ತಲೆಯೆತ್ತದೆ.

"ಕುಡೀರಿ."

"ನಿಂದು ಹೇಳಿದೆ."

"ಹೂಂ." ಅವಳು ಗುಲಾಬದಾನಿಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿದಳು. "ಕಮಲಾಪುರಕ್ಕ ಹೋಗಿ ಬರ್ತೀನಿ."

"ಯಾರಿದ್ದಾರ ಅಲ್ಲಿ?"

"ಒಬ್ಬಾತ ಇದ್ದ."

"ಇದ್ದ ಅಂದ್ರ?"

"ನೂರು ವರ್ಷದ ಹಿಂದ."

ಅಜಿತ ಪುಟ ತಿರುವಿದ. "ಹಂಗಾದ್ರ ಅವಸರ ಇಲ್ಲ ಬಿಡು. ಅವಲಕ್ಕಿ ತಿಂದು ಹೋಗು."

ಒಳ್ಳೆಯ ಮಾತು. ಅಜಿತ ಯಾವಾಗಲೂ ಒಳ್ಳೆಯ ಮಾತನ್ನೇ ಆಡುತ್ತಿದ್ದ. ಹದಿನಾರು ವರ್ಷದಲ್ಲಿ ಈ ಮನೆಯಲ್ಲಿ ಒಂದು ಜೋರಾದ ದನಿ ಎದ್ದಿರಲಿಲ್ಲ. ಮದುವೆಗಳಲ್ಲಿ ನೆಂಟರು ಹೊಸ ಜೋಡಿಗಳಿಗೆ ಇವರನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಹಾಗೆ ತೋರಿಸಿದಾಗಲೆಲ್ಲ ಮಂಜುಷಾಗೆ ತಾನು ಗಾಜಿನ ಕಪಾಟಿನಲ್ಲಿ ನಿಂತಿದ್ದೇನೆ ಅನ್ನಿಸುತ್ತಿತ್ತು.

ಅವಳು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ. ಕೆಲಸ ಕಲಬುರ್ಗಿಯ ಸರಾಫ್ ಬಜಾರಿನ ಹಾಲ್‌ಮಾರ್ಕ್ ಕೇಂದ್ರದಲ್ಲಿ. ಅಂಗಡಿಗಳಿಂದ ತಟ್ಟೆಗಟ್ಟಲೆ ಕಾಲ್ಗೆಜ್ಜೆ, ಬಟ್ಟಲು, ಉಂಗುರ ಬರುತ್ತಿದ್ದವು, ಎಲ್ಲ ಅಚ್ಚಿನವು. ಯಂತ್ರ ಅವುಗಳ ಶುದ್ಧತೆ ಹೇಳುತ್ತಿತ್ತು. ಇನ್ನೊಂದು ಯಂತ್ರ ಬೆಳಕಿನ ಸೂಜಿಯಿಂದ ಅವುಗಳ ಮೇಲೆ ಆರು ಅಕ್ಷರ ಕೊರೆಯುತ್ತಿತ್ತು. ಒಂದರಂತೆ ಇನ್ನೊಂದಿಲ್ಲ ಎಂದು ಹೇಳುವ ಆ ಅಕ್ಷರಗಳನ್ನು ಒಂದರಂತೆಯೇ ಇರುವ ನೂರಾರು ವಸ್ತುಗಳ ಮೇಲೆ ಅವಳು ದಿನವಿಡೀ ಹಾಕುತ್ತಿದ್ದಳು.

ಅಲ್ಲಿ ಒಂದು ದಿನ ಬುರ್ಹಾನುದ್ದೀನ್ ಒಂದು ಹಳೆಯ ಡಬ್ಬಿ ತಂದಿದ್ದರು. ಅವರು ಊರಿನ ರೋಜಾ ಬಡಾವಣೆಯಲ್ಲಿ, ದರ್ಗಾದ ದಾರಿಯಲ್ಲಿ, ಅತ್ತರು ಮತ್ತು ಹಳೇ ಸಾಮಾನು ಮಾರುವವರು. ಡಬ್ಬಿಯ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು, ಪಕ್ಕದಲ್ಲಿ ಒಂದು ಸಣ್ಣ ಚೀನೀ ಲಿಪಿ. ವಿಲಾಯತಿ ಮಾಲು ಎಂದು ಅವರು ಹೆಮ್ಮೆಪಟ್ಟಿದ್ದರು. ಮಂಜುಷಾ ಆ ರಾತ್ರಿಯೆಲ್ಲ ಪುಸ್ತಕ, ಫೋಟೋ ಹುಡುಕಿ ಮರುದಿನ ಹೇಳಿದಳು: ಇದು ಚೀನಾದ್ದು. ಇಂಗ್ಲಿಷ್ ಅಕ್ಷರ ಮಾರಿದ ಅಂಗಡಿಯದು. ಮಾಡಿದವನದು ಆ ಸಣ್ಣ ಲಿಪಿ.

"ಮಾರಿದವನ ಹೆಸರು ದೊಡ್ಡದು, ಮಾಡಿದವನದು ಸಣ್ಣದು," ಎಂದು ಬುರ್ಹಾನುದ್ದೀನ್ ನಕ್ಕಿದ್ದರು. "ನಮ್ಮ ಬಜಾರ್ ಹಂಗೇ ಅದ ಬೇಟಿ."

ಅಂದಿನಿಂದ ಏಳು ವರ್ಷ. ಬರ್ಮಾದ ಬಟ್ಟಲು, ಕಚ್ಛದ ಹೂಜಿ, ಚೀನಾದ ಡಬ್ಬಿ, ಹೈದರಾಬಾದಿನ ಹಳೇ ಮನೆಗಳಿಂದ ಹರಿದು ಬಂದದ್ದೆಲ್ಲ ಅವಳ ಕೈಗೆ ಬರುತ್ತಿತ್ತು. ಮುದ್ರೆ ಸವೆದಿದ್ದರೂ ಅವಳು ಓದುತ್ತಿದ್ದಳು. ಆ ಮೊದಲ ತಿಂಗಳಲ್ಲೇ, ಅವುಗಳ ನಡುವೆ, ಅವನು ಸಿಕ್ಕ. ಉಗುರು ಮತ್ತು ಚುಕ್ಕಿ. ಯಾವ ಪುಸ್ತಕದಲ್ಲೂ ಇಲ್ಲದವನು.

ಅವನನ್ನು ಅವಳು ಒಂದೊಂದೇ ವಸ್ತುವಿನಿಂದ ಕಟ್ಟಿಕೊಂಡಳು. ಅವನ ಮುದ್ರೆ ಯಾವಾಗಲೂ ಸಂದಿಯಲ್ಲೇ ಇರುತ್ತಿತ್ತು, ಕೊರಳ ಬುಡದಲ್ಲಿ, ಕೀಲಿನ ಹಿಂದೆ, ಹಿಡಿಕೆಯ ಅಡಿಯಲ್ಲಿ. ವಿನಯ, ಎಂದು ಬರೆದುಕೊಂಡಳು. ಎರಡು ಚುಕ್ಕಿಯವು ಎಳೆವಯಸ್ಸಿನವು, ಮೂರು ಚುಕ್ಕಿಯವು ಮಾಗಿದ ಮೇಲಿನವು. ಮಾಗಿದ ಕಾಲದ ಕೆಲಸದಲ್ಲಿ ಹಕ್ಕಿಗಳಿರಲಿಲ್ಲ. ಅವನ ಮಗುವೊಂದು ಸತ್ತಿರಬೇಕು, ಎಂದು ಅವಳಿಗೆ ಒಂದು ಸಂಜೆ ಹೊಳೆದು ಕಣ್ಣು ತುಂಬಿತ್ತು. ಅಜಿತ ಏನಾಯಿತು ಎಂದು ಕೇಳಿದ್ದ. ಈರುಳ್ಳಿ, ಎಂದಿದ್ದಳು. ಒಂದು ಚೀನೀ ಡಬ್ಬಿಯ ಮೇಲೂ, ಚೀನೀ ಲಿಪಿಯ ಜೊತೆಗೇ, ಅವನ ಉಗುರು ಸಿಕ್ಕಾಗ ಅವಳು ತಡಬಡಿಸಲಿಲ್ಲ. ಚೀನಾದವರ ಕೆಲಸವನ್ನು ನಕಲು ಮಾಡಿ, ಅವರ ಲಿಪಿಯನ್ನೂ ಕೊರೆದು ಗೆದ್ದಿದ್ದಾನೆ ಎಂದು ಬರೆದಳು. ಬದುಕಿರುವ ಯಾರನ್ನೂ ಅವಳು ಇಷ್ಟು ಮೆಚ್ಚಿರಲಿಲ್ಲ.

ಈಗ ಒಂಬತ್ತೂ ವಸ್ತುಗಳು ಹೈದರಾಬಾದಿನ ಒಂದು ಪ್ರದರ್ಶನಕ್ಕೆ ಹೋಗಲಿದ್ದವು. ಅವುಗಳ ಪುಸ್ತಕ ಇವತ್ತು ಸಂಜೆ ಅಚ್ಚಿಗೆ. ಅವಳ ಲೇಖನ ಸೇರಿತ್ತು. ಶಿರೋನಾಮೆಯಲ್ಲಿ ಹೆಸರಿನ ಜಾಗ ಖಾಲಿ.

"ಐದರ ಒಳಗ ಹೆಸರು ಬೇಕಂತ ಬೇಟಿ," ಬುರ್ಹಾನುದ್ದೀನ್ ನಿನ್ನೆ ಗುಲಾಬದಾನಿ ಕೈಗಿಡುತ್ತ ಅಂದಿದ್ದರು. "ಇಲ್ಲಾಂದ್ರ ಅಜ್ಞಾತ ಅಂತ ಹಾಕ್ತಾರಂತ."

ಅಜ್ಞಾತ. ಆ ಶಬ್ದ ಅವಳಿಗೆ ಬೈಗುಳದಂತೆ ಕೇಳಿಸಿತ್ತು. ಆದರೆ ಹೋದ ವಾರವೇ ಕೇಂದ್ರಕ್ಕೆ ಬಂದಿದ್ದ ಕಮಲಾಪುರದ ಹೆಂಗಸೊಬ್ಬಳು ಮುದ್ರೆಯ ಚಿತ್ರ ನೋಡಿ, ಇಂಥ ಗುರುತು ಹಾಕುವ ಉಳಿ ನಮ್ಮೂರ ಅಕ್ಕಸಾಲಿಗ, ಪತ್ತಾರ ದೌಲಪ್ಪನ ಮನೆಯಲ್ಲಿ ಇನ್ನೂ ಇದೆ ಎಂದಿದ್ದಳು.

ಹುಮನಾಬಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಹಾಗಾಂವ ಕ್ರಾಸ್ ದಾಟುವವರೆಗೂ ಅವಳು ಚೀಲವನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ. ಪಕ್ಕದಲ್ಲಿ ಕೂತವಳು, "ಕೂಸು ಮಲಗ್ಯದೇನ್ರಿ?" ಅಂತ ಕೇಳಿ, ಚೀಲ ನೋಡಿ, ಮುಂದಕ್ಕೆ ತಿರುಗಿದಳು.

ಕಮಲಾಪುರದಲ್ಲಿ ಇಳಿದರೆ ಕೆಂಪು ಬಾಳೆಹಣ್ಣಿನ ಬುಟ್ಟಿಗಳು. ಪತ್ತಾರ ದೌಲಪ್ಪನ ಮನೆ ಎಂದು ಕೇಳಿದ್ದೇ ತಡ, ಮೂವರು ಮೂರು ದಾರಿ ತೋರಿಸಿದರು. ಮೂರೂ ಒಂದೇ ಓಣಿಗೆ ಹೋಗುತ್ತಿದ್ದವು.

ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದ ಮುದುಕಿ ಅಂಬಮ್ಮ, ದೌಲಪ್ಪನ ಹೆಂಡತಿ, ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಮುದುಕನ ಕೂಡ ಮಾತಾಡಾಕ ಕಲಬುರ್ಗಿಲಿಂದ ಬಂದೀರಿ?"

"ಹೌದ್ರಿ ಅವ್ವಾ."

"ಐವತ್ತೆಂಟು ವರ್ಷ ನಾ ಪ್ರಯತ್ನ ಮಾಡೀನಿ. ನೀವೂ ನೋಡ್ರಿ."

ಒಳಗಿನಿಂದ ದನಿ ಬಂತು. "ಅಕಿ ಬಿಟ್ರಲ್ಲ ನಾ ಮಾತಾಡೋದು. ಒಳಗ ಬಾ ಯವ್ವಾ."

ದೌಲಪ್ಪನ ಕಣ್ಣಿಗೆ ಹಾಲು ಕಟ್ಟಿದಂತಿತ್ತು. ಮೂಲೆಯಲ್ಲಿ ತಣ್ಣಗಾದ ಅಗ್ಗಿಷ್ಟಿಕೆ, ಊದುಗೊಳವೆ, ಗೋಡೆಗೆ ಒರಗಿಸಿದ ಇಕ್ಕಳಗಳು. ಮಂಜುಷಾ ಬಟ್ಟೆ ಬಿಚ್ಚಿ ಗುಲಾಬದಾನಿಯನ್ನು ಅವನ ಕೈಗಿಟ್ಟಳು. ಅವನು ನೋಡಲೇ ಇಲ್ಲ. ಹೆಬ್ಬೆರಳು ಹೊಟ್ಟೆಯ ಮೇಲೆ ಹರಿದು, ಎಲೆಗಳ ಪಟ್ಟಿಗೆ ಏರಿ, ಒಂದೊಂದೇ ಎಲೆ ದಾಟಿ, ನಿಂತಿತು. ಅವಳು ಮಸೂರ ಹಿಡಿದು ಅರ್ಧ ಗಂಟೆ ಹುಡುಕಿದ ಜಾಗ.

"ನಮ್ಮ ಮುತ್ಯಾನ, ನಮ್ಮಪ್ಪನ ಅಪ್ಪನ ಕೈ," ಅಂದ.

ಮಂಜುಷಾ ಅವನ ಹತ್ತಿರ ಸರಿದಳು. ಏಳು ವರ್ಷ ತಾನು ಮಾತಾಡಿಸಿದವನು ಇದೀಗ ಓ ಎಂದಂತಾಯಿತು.

"ಖಾತ್ರಿ ಏನ್ರಿ ಅಜ್ಜಾ?"

"ಉಗುರಿನ ತುದಿ ನೋಡು. ಅಂವ ಒತ್ತಿ ಸ್ವಲ್ಪ ಎಳೀತಿದ್ದ. ನಮ್ಮಪ್ಪಗ ಹಂಗ ಬರಲಿಲ್ಲ. ನನಗಂತೂ ಇಲ್ಲೇ ಇಲ್ಲ."

"ಇಂಥಾವು ಎಷ್ಟು ಮಾಡಿದ್ರು ಅವರು?"

ಮುದುಕ ಮುಖವನ್ನು ಅವಳ ದನಿಯ ಕಡೆ ತಿರುಗಿಸಿದ. "ಮಾಡೋದಾ? ನಮ್ಮ ಮನ್ಯಾಗ ಯಾರೂ ಏನೂ ಮಾಡಿಲ್ಲ ಯವ್ವಾ. ಒಡದದ್ದು ಕೂಡಿಸ್ಯಾರ."

ಹೊರಗೆ ಅಂಬಮ್ಮನ ಮೊರದ ಸದ್ದು ಕೇಳುತ್ತಿತ್ತು.

"ಇದು ಬೆಸುಗಿ ಗುರುತು," ಅಂದ ಅವನು, ಮಕ್ಕಳಿಗೆ ಹೇಳುವಂತೆ ನಿಧಾನವಾಗಿ. "ಮುಂದಿನ ಪತ್ತಾರಗ ಹಾಕೋದು. ಇಲ್ಲಿ ಒಮ್ಮಿ ಮುರದದ, ಜ್ವಾಕಿ ಅಂತ. ಮೂರು ಚುಕ್ಕಿ ಅಂದ್ರ ಹಗುರ ಬೆಸುಗಿ, ಸಣ್ಣ ಉರಿಗೇ ಬಿಡ್ತದ. ಎರಡು ಇದ್ರ ಇನ್ನೊಂಚೂರು ತಡೀತದ. ಉಗುರು ಯಾ ಕಡಿ ಬಾಗೇದ, ಆ ಕಡಿಂದ ಬೆಂಕಿ ಹಿಡೀಬೇಕು."

"ಎರಡು ಚುಕ್ಕಿಯವು ಮೊದಲಿನವು ಅಲ್ಲೇನ್ರಿ?"

"ಯಾತರ ಮೊದಲಿನವು?"

"ಏನಿಲ್ಲ."

ಅವಳು ಗೋಡೆ ನೋಡಿದಳು. ಒಂಬತ್ತು ವಸ್ತು, ಒಂಬತ್ತು ಬೇರೆ ಬೇರೆ ಕೈ. ಚೀನಾದ ಡಬ್ಬಿ ಚೀನಾದ್ದೇ. ಹಕ್ಕಿ ಕೊರೆದವನು ಒಬ್ಬ, ಕೊರೆಯದವನು ಇನ್ನೊಬ್ಬ. ಯಾರ ಮಗುವೂ ಸತ್ತಿರಲಿಲ್ಲ. ಅಥವಾ ಎಲ್ಲರದೂ ಸತ್ತಿರಬಹುದು, ಅದು ಬೆಳ್ಳಿಯಿಂದ ತಿಳಿಯುವುದಿಲ್ಲ. ಮಾರಿದವನನ್ನೂ ಮಾಡಿದವನನ್ನೂ ಬೇರೆ ಮಾಡಲು ಕಲಿತ ಅವಳಿಗೆ ಮೂರನೆಯವನೊಬ್ಬ ಇರಬಹುದೆಂದು ಹೊಳೆದಿರಲೇ ಇಲ್ಲ.

"ಆದ್ರ ಮುರದಿದ್ದು ಎಲ್ಲೂ ಕಾಣಂಗಿಲ್ಲಲ್ಲ," ಅಂದಳು. ದನಿಯಲ್ಲಿ ತಕರಾರು ಇತ್ತು. "ನಾ ಮಸೂರ ಹಿಡದು ನೋಡೀನಿ."

ದೌಲಪ್ಪನ ಮುಖ ಮೊದಲ ಸಲ ಅರಳಿತು.

"ಕಾಣಬಾರದು. ಗುಲಾಬದಾನಿ ಕೊರಳು ಮುರದ್ರ ಮದಿವಿ ಮನಿಗಿ ಕೆಟ್ಟ ಅಂತಿದ್ರು. ದೊಡ್ಡ ಮನಿ ಹೆಣ್ಮಕ್ಕಳು ಕಣಕದ ಡಬ್ಬ್ಯಾಗ ಮುಚ್ಚಿ ಕಳಸ್ತಿದ್ರು. ಒಯ್ದು ಇಟ್ರ ಗಂಡಗ ಗೊತ್ತಾಗಬಾರದು, ಅತ್ತಿಗಿ ಗೊತ್ತಾಗಬಾರದು. ಹಂಗ ಬೆಸೀತಿದ್ದ ಮುತ್ಯಾ. ಒಬ್ಬರಿಗೂ ಗೊತ್ತಾಗಿಲ್ಲ." ಅವನು ಗುಲಾಬದಾನಿಯನ್ನು ಅವಳ ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದ. "ಉಸಿರು ಬಿಡು."

"ಏನ್ರಿ?"

"ಚಳಿಗಾಲದಾಗ ಕೈಗಿ ಬಿಡ್ತೀಯಲ್ಲ, ಹಂಗ. ಕೊರಳ ಬುಡಕ್ಕ."

ಅವಳು ಬಿಟ್ಟಳು. ಬೆಳ್ಳಿ ಮಬ್ಬಾಯಿತು. ಆ ಮಬ್ಬಿನಲ್ಲಿ, ಎಲೆಗಳ ಕೆಳಗೆ, ಒಂದು ಗೀರು ಎದ್ದಿತು. ಕೂದಲಿಗಿಂತ ತೆಳ್ಳಗೆ, ಅಂಕುಡೊಂಕಾಗಿ, ಕೊರಳನ್ನು ಸುತ್ತಿ ಹೊಟ್ಟೆಯ ಭುಜಕ್ಕೆ ಇಳಿದು ಹೋಗಿತ್ತು. ಎರಡು ಎಣಿಸುವಷ್ಟರಲ್ಲಿ ಆರಿತು. ಮತ್ತೆ ಬರೀ ಬೆಳ್ಳಿ.

ಅಂಥ ಕೆಲಸವನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಒಡೆದ ಅಂಚುಗಳನ್ನು ಅರದಿಂದ ಸಾಪು ಮಾಡಿದ್ದರೆ ಸುಲಭವಿತ್ತು. ಅವನು ಮಾಡಿರಲಿಲ್ಲ. ಒಡೆದದ್ದು ಒಡೆದ ಹಾಗೆಯೇ, ಹಲ್ಲಿಗೆ ಹಲ್ಲು ಕೂತಿತ್ತು. ಮಾಡುವವನು ತನ್ನ ಮನಸ್ಸಿಗೆ ಬಂದ ದಾರಿ ಹಿಡಿಯುತ್ತಾನೆ. ಈತ ಒಡಕು ಹೋದ ದಾರಿಯಲ್ಲೇ ಕಣ್ಣಿಟ್ಟು ನಡೆದಿದ್ದ. ತಾನು ಮನಸ್ಸಿನಲ್ಲಿ ಕಟ್ಟಿಕೊಂಡವನಿಗಿಂತ ಇವನು ದೊಡ್ಡವನು ಎಂಬುದು ಅವಳಿಗೆ ತಕ್ಷಣ ತಿಳಿಯಿತು. ತಿಳಿದದ್ದು ಯಾವ ಸಮಾಧಾನವನ್ನೂ ಕೊಡಲಿಲ್ಲ.

"ಅವರ ಹೆಸರೇನ್ರಿ?"

ಮುದುಕ ಹೇಳಿದ. ಸಾಮಾನ್ಯ ಹೆಸರು. ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥದ್ದು.

"ಪುಸ್ತಕದಾಗ ಹಾಕ್ತೀನ್ರಿ."

"ಬ್ಯಾಡ." ಅವನು ಗುಲಾಬದಾನಿಯನ್ನು ತಡವಿ ಬಟ್ಟೆಯೊಳಗೆ ಇಟ್ಟ. "ಅವನ ಹೆಸರು ಬಂತಂದ್ರ ಒಡದಿತ್ತು ಅಂತ ಆಯ್ತಲ್ಲ. ಅಂವ ಜೀವನಪೂರ್ತಿ ಏನು ಮುಚ್ಚಿದ, ಅದನ್ನ ನೀ ಬಿಚ್ಚಿದಂಗ."

"ಮತ್ತ ಯಾರ ಹೆಸರು ಹಾಕ್ಲಿ?"

"ಅದು ನಂಗೇನ್ ಗೊತ್ತು? ಮಾಡಿದಾತಂದು ಹಾಕು."

ಅಂಬಮ್ಮ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. "ಮಾತಾಡಿದನೇನ್ರಿ?"

"ಮಾತಾಡಿದ್ರು."

"ನಿಮ್ಮ ಮಾರಿ ನೋಡಿದ್ರ ಮಾತಾಡಬಾರದಿತ್ತು ಅನ್ನಸ್ತದ."

ನಾಲ್ಕೂವರೆಗೆ ಅವಳು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಎರಡು ಬಸ್ಸು ಬಂದು ಹೋದವು. ಲೇಖನದ ಮೊದಲ ಸಾಲು ಅವಳಿಗೆ ಬಾಯಿಪಾಠವಿತ್ತು: ಸಂದಿಗಳಲ್ಲಿ ಅಡಗಿದ ಈ ಮಹಾ ಶಿಲ್ಪಿ. ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಒಂದು ಅಕ್ಷರವೂ ತಪ್ಪಿಲ್ಲ ಎನಿಸಿ ನಗು ಬಂತು.

ಹೆಸರು ಕೊಟ್ಟು ಮಾಡಿದವನು ಇವನೇ ಎಂದರೆ ಸುಳ್ಳು. ಕೂಡಿಸಿದವನು ಎಂದರೆ ಒಂಬತ್ತೂ ಒಡೆದ ಮಾಲು, ಅವಳ ಏಳು ವರ್ಷ ಕಸ, ಮತ್ತು ಆ ಮನುಷ್ಯ ನೂರು ವರ್ಷ ಕಾಯ್ದದ್ದು ಬಯಲು. ಅಜ್ಞಾತ ಎಂದರೆ, ಹೆಸರು ಗೊತ್ತಿದ್ದೂ ಅಜ್ಞಾತ.

ಫೋನು ಬಂತು. ಬುರ್ಹಾನುದ್ದೀನ್.

"ಹೆಸರು ಸಿಕ್ತೇನ್ ಬೇಟಿ? ಛಾಪಖಾನಾದವ್ರು ಲೈನ್‌ನಾಗೇ ಇದ್ದಾರ. ಒಂದು ಹೆಸರು, ಅಷ್ಟ ಸಾಕು."

ಅವಳು ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿ, ಚೀಲದ ಬಟ್ಟೆ ಸರಿಸಿದಳು. ಬೆಳ್ಳಿಯ ದುಂಡು ಭುಜದ ಮೇಲೆ ಸಂಜೆ ಬಿಸಿಲು ಬಿತ್ತು. ಬಾಗಿ ಉಸಿರು ಬಿಟ್ಟಳು. ಗೀರು ಎದ್ದಿತು. ಮಬ್ಬು ಅಂಚುಗಳಿಂದ ಆರುತ್ತ ಬಂದು ಅದರೊಳಗೆ ಅವಳ ಮುಖ ಮೂಡಿತು, ಉದ್ದಕ್ಕೆ ಎಳೆದ ಮುಖ, ಉದ್ದಕ್ಕೆ ಎಳೆದ ಕೊರಳು. ಎಲ್ಲ ಆರಿದ ಮೇಲೂ ಗೀರು ಒಂದು ಕ್ಷಣ ಕೊರಳ ಅಡ್ಡಕ್ಕೆ ನಿಂತಿತ್ತು. ಆಮೇಲೆ ಅದೂ ಹೋಯಿತು. ಮುಖ ನಯವಾಗಿತ್ತು, ಮದುವೆಗಳಲ್ಲಿ ನೆಂಟರು ಬೆರಳು ಮಾಡಿ ತೋರಿಸುವ ಮುಖ, ಎಲ್ಲೂ ಏನೂ ಇರಲಿಲ್ಲ.

ಬೆಂಚಿನ ಪಕ್ಕ ಕೂತು ನೋಡುತ್ತಿದ್ದ ಬಾಳೆಹಣ್ಣಿನವಳು ಬುಟ್ಟಿಯನ್ನು ಸ್ವಲ್ಪ ದೂರ ಎಳೆದುಕೊಂಡಳು.

"ಹಲೋ? ಬೇಟಿ? ಲೈನ್ ಅದ ಇಲ್ಲೋ?" ಬುರ್ಹಾನುದ್ದೀನರ ದನಿ ಯಾರಿಗೋ ತಿರುಗಿ ಹೇಳಿತು, "ಏನಿಲ್ಲ ರೀ, ಬರೇ ಉಸಿರು ಕೇಳಸಾಕತ್ತದ."

ಅವಳು ಮತ್ತೆ ಉಸಿರು ಬಿಟ್ಟಳು.